ದೆಲ್ಫಿನನ ಎಡೆ

ಮಾರ್ಚ್ ೨, ಸೋಮವಾರ

ಇವತ್ತು ವಿತಾಲಿಯಾಳ ಮಗ ದೆಲ್ಫಿನನನ್ನು ಮಣ್ಣು ಮಾಡಿ ಬಂದೆವು. ಇಪ್ಪತ್ನಾಲ್ಕು ವರ್ಷ. ಬಾಡಿಗೆಗೆ ಟ್ರೈಸಿಕಲ್, ಪಕ್ಕಗಾಡಿ ಕಟ್ಟಿದ ಬೈಕು, ಓಡಿಸುತ್ತಿದ್ದ. ಹೋದ ಗುರುವಾರ ಸೇತುವೆಯ ತಿರುವಿನಲ್ಲಿ ಬೆಳ್ಳುಳ್ಳಿ ತುಂಬಿದ ಲಾರಿ ಬಂದು ಗುದ್ದಿತು. ನಾಳೆಯಿಂದ ಒಂಬತ್ತು ದಿನ ಅವರ ಮನೆಯಲ್ಲಿ ಸಂಜೆ ನಾಲ್ಕಕ್ಕೆ ಪ್ರಾರ್ಥನೆ. ಈ ಊರಲ್ಲಿ ಯಾರು ಸತ್ತರೂ ಆ ಒಂಬತ್ತು ದಿನದ ಜಪಸರ ನಡೆಸುವವಳು ನಾನು. ನನಗಿಂತ ಮುಂಚೆ ನನ್ನ ಅಮ್ಮ ನಡೆಸುತ್ತಿದ್ದಳು.

ಸ್ಮಶಾನದಿಂದ ಬಂದವಳು ಬಾಗಿಲು ಹಾಕಿಕೊಂಡು ಒಂದು ಪೊಟ್ಟಣ ಬಿಸ್ಕತ್ತನ್ನು ನಿಂತಲ್ಲೇ ಮುಗಿಸಿದೆ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಆಮೇಲೆ ಬಚ್ಚಲಲ್ಲಿ ನೊರೆ ನೊರೆಯಾಗಿ ವಾಂತಿ. ಹದಿನಾಲ್ಕು ತಿಂಗಳ ಹಿಂದೆ ಬಾಗಿಯೊದ ಆಸ್ಪತ್ರೆಯಲ್ಲಿ ನನ್ನ ಹೊಟ್ಟೆಯ ಮುಕ್ಕಾಲು ಪಾಲು ಕತ್ತರಿಸಿ ತೆಗೆದರು. ಉಳಿದಿರುವುದು ಒಂದು ಬಾಳೆಹಣ್ಣಿನಷ್ಟು. ಅದಕ್ಕೆ ಎಷ್ಟು ಹಿಡಿಸುತ್ತದೆಂದು ನನಗೆ ಗೊತ್ತು, ನನ್ನ ಕೈಗೆ ಗೊತ್ತಿಲ್ಲ. ಹೋದ ಸಲ ಡಾಕ್ಟರು ತೂಕದ ಚೀಟಿ ನೋಡಿ, "ಇದನ್ನೂ ಹಿಗ್ಗಿಸಿಬಿಟ್ರೆ ಮತ್ತೆ ಕತ್ತರಿಸೋಕೆ ಏನೂ ಇಲ್ಲಮ್ಮಾ" ಎಂದರು.

ಅಲ್ಲಿಯ ಪಥ್ಯದ ಹುಡುಗಿ ಒಂದು ನೋಟ್‌ಬುಕ್ ಕೊಟ್ಟಿದ್ದಾಳೆ. "ತಿಂದಿದ್ದನ್ನೆಲ್ಲ ಬರೀರಿ, ತಿನ್ನೋ ಮುಂಚೆ ಮನಸ್ಸಿಗೆ ಏನನ್ನಿಸ್ತು ಅಂತಾನೂ ಬರೀರಿ." ಅದರಲ್ಲಿ ಮೀನಿನ ಸಾರು ನಾಲ್ಕು ಚಮಚ, ಮೊಟ್ಟೆ ಅರ್ಧ ಎಂದು ದುಂಡಗೆ ಬರೆದು ಮೂರು ತಿಂಗಳಿಗೊಮ್ಮೆ ತೋರಿಸಿ ಬರುತ್ತೇನೆ. ಅವಳು ಪುಟಕ್ಕೊಂದು ಬಣ್ಣದ ನಕ್ಷತ್ರ ಅಂಟಿಸುತ್ತಾಳೆ. ಐವತ್ತೆರಡು ವರ್ಷದ ಹೆಂಗಸಿಗೆ ನಕ್ಷತ್ರ! ಈ ಪುಸ್ತಕ ಬೇರೆ. ಇದು ಅಕ್ಕಿ ಡಬ್ಬಿಯ ಹಿಂದೆ ಇರುತ್ತದೆ.

ಊರಿಗೆ ಪಿತ್ತಕೋಶದ ಕಲ್ಲು ಎಂದು ಹೇಳಿದ್ದೇನೆ. ನಿಜ ಗೊತ್ತಿರುವುದು ಹವಾಯಿಯಲ್ಲಿರುವ ಅಣ್ಣನಿಗೆ, ಲವೋಗ್‌ನಲ್ಲಿ ಟೀಚರಾಗಿರುವ ಮಗಳು ಮೈಲೀನ್‌ಗೆ. ನಾನು ತೆಳ್ಳಗಾಗುತ್ತಾ ಹೋದ ಹಾಗೆ ಊರಿನವರೇ ಒಂದು ಕಥೆ ಕಟ್ಟಿಕೊಂಡರು. ನಮ್ಮ ಸಿನಾ ಅಕ್ಕ, ಮನಾಂಗ್ ಸಿನಾ, ಹರಕೆ ಹೊತ್ತಿದ್ದಾಳೆ, ಸತ್ತವರಿಗಾಗಿ ಉಪವಾಸ ಮಾಡುತ್ತಾಳೆ ಎಂದು. ನಾನು ಅಲ್ಲ ಎನ್ನಲಿಲ್ಲ. ದಪ್ಪಗಿದ್ದಾಗ ಇದೇ ಜಪ ಮಾಡುತ್ತಿದ್ದೆ, ಆಗ ಒಬ್ಬರೂ ನನ್ನನ್ನು ಭಕ್ತೆ ಎಂದಿರಲಿಲ್ಲ.

ಮಾರ್ಚ್ ೩, ಮಂಗಳವಾರ

ಮೊದಲ ದಿನ. ಮುಂಕೋಣೆಯಲ್ಲಿ ದೆಲ್ಫಿನನ ಫೋಟೊ, ಎರಡು ಮೇಣದಬತ್ತಿ, ಮುಂದೆ ಎಡೆ. ಅನ್ನ, ಅವನಿಗೆ ಪ್ರಾಣವಾಗಿದ್ದ ಹಂದಿ ಈಲಿಯ ಇಗಾದೊ, ಬಾಳೆಎಲೆಯಲ್ಲಿ ಸುಟ್ಟ ಅಕ್ಕಿಯ ಸಿಹಿ ತುಪಿಗ್ ಎರಡು, ಪುಟ್ಟ ಲೋಟದಲ್ಲಿ ಕಬ್ಬಿನ ಹೆಂಡ, ಒಂದು ಸಿಗರೇಟು. ಎಡೆಯ ಅಡುಗೆಯನ್ನು ಬಡಿಸುವ ಮುಂಚೆ ಯಾರೂ ರುಚಿ ನೋಡುವಂತಿಲ್ಲ. ಆಮೇಲೂ ಯಾರೂ ಮುಟ್ಟುವುದಿಲ್ಲ. ಮುಟ್ಟಿದವರ ಬಾಯಿ ಸೊಟ್ಟಗಾಗುತ್ತದೆ ಎನ್ನುತ್ತಾರೆ. ಬೆಳಗಿನವರೆಗೆ ಬಿಳಿ ಬಟ್ಟೆ ಮುಚ್ಚಿಟ್ಟು, ಆಮೇಲೆ ಕೋಳಿಗಳಿಗೆ ಹಾಕುತ್ತಾರೆ.

ವಿತಾಲಿಯಾ ತಟ್ಟೆ ಇಟ್ಟು, "ಬಾರೋ ಮಗಾ, ಉಣ್ಣು ಬಾ" ಎಂದು ಕರೆದಳು. ಅವಳ ದನಿ ಅಂಗಳದಲ್ಲಿ ಆಡುವ ಹುಡುಗನನ್ನು ಕರೆದ ಹಾಗೇ ಇತ್ತು.

ಜಪ ಮುಗಿದ ಮೇಲೆ ಎಲ್ಲರೂ ಕಾಫಿಗೆಂದು ಅಂಗಳಕ್ಕೆ ಇಳಿಯುತ್ತಾರೆ. ನಾನು ಮಾತ್ರ ಬಾಗಿಲು ಹಾಕಿಕೊಂಡು ಆತ್ಮದ ಜೊತೆ ಕೊನೆಯ ಹತ್ತು ಮಣಿ ಎಣಿಸಬೇಕು. ಇದು ಅಮ್ಮ ಹಾಕಿಕೊಟ್ಟ ಕ್ರಮ, ಬೇರೆ ಊರುಗಳಲ್ಲಿ ಇಲ್ಲ. ಯಾರೋ ನನಗೆ ಬ್ರೆಡ್ಡು ತಂದರು. ವಿತಾಲಿಯಾ ತಡೆದಳು. "ಮನಾಂಗ್ ಏನೂ ತಿನ್ನಲ್ಲ ಕಣ್ರೇ, ಬಲವಂತ ಮಾಡ್ಬೇಡಿ. ನಮಗೋಸ್ಕರ ಹಸಿದಿರ್ತಾರೆ."

ಬಾಗಿಲು ಹಾಕಿದ ಮೇಲೆ ಈರುಳ್ಳಿ, ವಿನೆಗರ್, ಹಂದಿಯ ಈಲಿ, ಎಲ್ಲದರ ಘಮ ಒಟ್ಟಿಗೆ ಬಂತು. ಒಂದೇ ಒಂದು ಚೂರು ಈಲಿ ಎತ್ತಿಕೊಂಡೆ. ಒಂದೇ. ಉಳಿದದ್ದನ್ನು ಸರಿಮಾಡಿ ಬಟ್ಟೆ ಮುಚ್ಚಿ ಬಂದೆ.

ಮಾರ್ಚ್ ೪, ಬುಧವಾರ

ತಟ್ಟೆ ಖಾಲಿ ಮಾಡಿದೆ.

ಒಂದು ಮಣಿಗೆ ಒಂದು ತುತ್ತು. ಬಾಯಲ್ಲಿ ಅನ್ನ ಇಟ್ಟುಕೊಂಡೇ 'ನಮೋ ಮರಿಯಾ' ಎಂದೆ. ಹೊರಗಿದ್ದವರಿಗೆ ನನ್ನ ಗೊಣಗುಟ್ಟು ಕೇಳಬೇಕಲ್ಲ. ಬೆಕ್ಕಾದರೂ ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ. ನಾನು ಸತ್ತ ಹುಡುಗನ ಫೋಟೊ ನೋಡುತ್ತಲೇ ತಿಂದೆ. ಹಿಡಿಸದೆ ಉಳಿದದ್ದನ್ನು ಪ್ರಾರ್ಥನೆ ಪುಸ್ತಕದ ಚೀಲದಲ್ಲಿ ತುರುಕಿ ತಂದು ದಾರಿಯಲ್ಲಿ ತಿಂದೆ, ದಾರಿಯಲ್ಲೇ ಕಕ್ಕಿದೆ. ಏನು ರುಚಿ ಇತ್ತೆಂದು ಕೇಳಿದರೆ ಹೇಳಲಾರೆ. ಹೊಟ್ಟೆ ಕತ್ತರಿಸಿದರು ಸರಿ, ಈ ಹಸಿವು ಎಲ್ಲಿತ್ತೆಂದು ಯಾರೂ ಹುಡುಕಲಿಲ್ಲ.

ಮಾರ್ಚ್ ೫, ಗುರುವಾರ

ಬೆಳಿಗ್ಗೆ ಆರಕ್ಕೆ ವಿತಾಲಿಯಾ ಓಡಿ ಬಂದಳು. ತಲೆ ಬಾಚಿರಲಿಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ಒಂದು ಗಳಿಗೆ ಹಗುರವೂ ಆಯಿತು.

"ಬಂದಿದ್ದ ಮನಾಂಗ್! ನನ್ನ ಮಗ ಬಂದಿದ್ದ! ಒಂದು ಅಗುಳೂ ಬಿಟ್ಟಿಲ್ಲ!"

ನನ್ನನ್ನು ತಬ್ಬಿಕೊಂಡು ಕುಣಿದಳು. "ನಿಮ್ಮ ಜಪದಿಂದಾನೇ. ನಿಮ್ಮ ಉಪವಾಸದಿಂದಾನೇ" ಎಂದಳು. ಆಗ ಹೇಳಬೇಕಿತ್ತು. ಹೇಳಲು ಬಾಯಿ ತೆರೆದವಳು, "ದೇವರು ದೊಡ್ಡವನು" ಎಂದೆ. ಇಪ್ಪತ್ತು ವರ್ಷ ಸತ್ತವರ ಮನೆಯಲ್ಲಿ ಹೇಳಿ ಹೇಳಿ ಆ ಮಾತು ನನ್ನ ಬಾಯಲ್ಲಿ ತಾನಾಗಿ ಬರುತ್ತದೆ.

ಮಾರ್ಚ್ ೬, ಶುಕ್ರವಾರ

ಸುದ್ದಿ ಹರಡಿದೆ. ನಿನ್ನೆಯ ಎರಡರಷ್ಟು ಜನ. ತಟ್ಟೆಯೂ ದೊಡ್ಡದು, ಪಕ್ಕದ ಮನೆಯವರು ತಂದ ಹುರಿದ ಮೀನು ಬೇರೆ. ವಿತಾಲಿಯಾಳ ಅಪ್ಪ, ಊರಿಗೆಲ್ಲ ಅಜ್ಜನಾದ ಆಪೊ ಗಾಸ್ಪರ್, ಎಂಬತ್ತರ ಮುದುಕ, ಊರುಗೋಲು ಕುಟ್ಟಿ ಜಗಳ ತೆಗೆದ.

"ತಪಸ್ಸು ಕಾಲದ ಶುಕ್ರವಾರ ಮಾಂಸ ಇಡ್ತೀಯಲ್ಲೇ, ಬುದ್ಧಿ ಇದೆಯಾ?"

"ಸತ್ತೋರಿಗೆಂಥಾ ಶುಕ್ರವಾರ ಅಪ್ಪಾ? ಅವನಿಗೆ ಮೀನು ಸೇರ್ತಿತ್ತಾ?"

"ಬದುಕಿದ್ದಾಗ್ಲೂ ಅವನ ನಾಲಿಗೆಗೆ ಹೆದರ್ತಿದ್ದೆ, ಈಗ್ಲೂ ಹೆದರ್ತೀಯ" ಎಂದು ಮುದುಕ ಅಂಗಳಕ್ಕಿಳಿದ. ಎಲ್ಲರೂ ನಕ್ಕರು, ವಿತಾಲಿಯಾಳೂ ನಕ್ಕಳು. ಮಗ ಸತ್ತ ಮೇಲೆ ಅವಳು ನಕ್ಕದ್ದು ಇದೇ ಮೊದಲು.

ಆ ನಗು ನೋಡಿ ನನಗೊಂದು ನೆಪ ಸಿಕ್ಕಿತು. ಇವತ್ತು ತಿನ್ನದೆ ಬಿಟ್ಟರೆ ಅವಳು ಎಷ್ಟು ನೊಂದುಕೊಳ್ಳುತ್ತಾಳೆ! ಪರೋಪಕಾರಕ್ಕೆ ತಿಂದೆ. ಶುಕ್ರವಾರ, ಮಾಂಸ, ಅದೂ ಹೆಣದ ಪಾಲು. ಆರನೇ ಮಣಿಗೆ ಎದೆಯಲ್ಲಿ ಕಲ್ಲು ಕೂತ ಹಾಗಾಯಿತು, ಬೆವರು ಕಿತ್ತುಕೊಂಡು ಬಂತು. ಏಳನೇ ಮಣಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹೊರಗೆ ಬಂದಾಗ ನನ್ನ ಮುಖ ನೋಡಿದ ಒಬ್ಬಳು, "ಆತ್ಮ ಹತ್ತಿರ ಬಂದ್ರೆ ಹಂಗೇ ಬೆವರ್ತಾರೆ" ಎಂದು ಇನ್ನೊಬ್ಬಳಿಗೆ ಹೇಳಿದಳು.

ಮಾರ್ಚ್ ೮, ಭಾನುವಾರ

ಮೈಲೀನ್ ಬಂದಿದ್ದಳು. ಬಂದವಳೇ ಕಸದ ಬುಟ್ಟಿ ನೋಡಿದಳು.

"ಅಮ್ಮಾ, ಇಷ್ಟೊಂದು ಬಿಸ್ಕತ್ ಕವರು ಯಾರ್ದು?"

"ಪ್ರಾರ್ಥನೆಗೆ ಬರೋ ಮಕ್ಕಳದ್ದು."

"ಪ್ರಾರ್ಥನೆ ನಡೀತಿರೋದು ವಿತಾ ಆಂಟಿ ಮನೇಲಿ."

"ನೀನೇನು ಪೊಲೀಸಾ? ಹೆತ್ತ ತಾಯಿಯ ಕಸ ಕೆದಕೋಕೆ ಬಸ್ ಹತ್ಕೊಂಡು ಬಂದ್ಯಾ?"

ಅವಳು ಬುಟ್ಟಿಯ ಮುಚ್ಚಳ ಹಾಕಿದಳು. ಹೊರಡುವಾಗ, "ಬೈದ್ರೂ ಪರ್ವಾಗಿಲ್ಲ, ತಿನ್ಬೇಕು ಅನ್ಸುತ್ತಲ್ಲ, ಆ ಹೊತ್ತಿಗೆ ನಂಗೊಂದು ಫೋನ್ ಮಾಡು ಅಷ್ಟೇ" ಎಂದಳು. ಆ ಹೊತ್ತಿಗೆ ಫೋನ್ ಮಾಡುವಷ್ಟು ಬುದ್ಧಿ ಇರುವವಳಾದರೆ ಆ ಹೊತ್ತು ಬರುವುದೇ ಇಲ್ಲ. ಅವಳು ತಂದ ಮೊಟ್ಟೆ, ಮೊಸರು ಹಾಗೇ ಇವೆ. ಅವುಗಳನ್ನು ಕಂಡರೆ ನನಗೆ ಹಸಿವಾಗುವುದಿಲ್ಲ. ಸಂಜೆ ಎಡೆ ಮುಗಿಸಿದೆ.

ಮಾರ್ಚ್ ೯, ಸೋಮವಾರ

ಇವತ್ತು ನಾನು ಬೇಗ ಹೋಗಿದ್ದೆ. ಅಡುಗೆಮನೆಯಲ್ಲಿ ವಿತಾಲಿಯಾ ಒಬ್ಬಳೇ ಮಾಂಸ ಹೆಚ್ಚುತ್ತಿದ್ದಳು. ಕೆನ್ನೆ ಒಳಗೆ ಹೋಗಿದೆ. ಮಣ್ಣಾದ ದಿನದಿಂದ ಅವಳು ಗಂಜಿ ಬಿಟ್ಟು ಬೇರೇನೂ ಮುಟ್ಟಿಲ್ಲವಂತೆ.

"ನೀನೂ ಒಂದು ತುತ್ತು ಉಣ್ಣು ವಿತಾ" ಎಂದೆ. ಹೇಳುವುದಕ್ಕೆ ನನಗೇನು ಯೋಗ್ಯತೆಯೋ.

ಚಾಕು ಕೆಳಗಿಟ್ಟಳು. "ಮನಾಂಗ್, ಒಂದು ಮಾತು ಕೇಳ್ತೀನಿ. ಹೊಟ್ಟೆ ತುಂಬಿದೋರು ದಿನಾ ಬಂದು ಉಣ್ತಾರಾ?"

ನಾನು ಮಣೆ ಎಳೆದುಕೊಂಡು ಕೂತೆ.

"ಆವತ್ತು ಬೆಳಿಗ್ಗೆ ಇಗಾದೊ ಮಾಡಿದ್ದೆ. ಬಾಯಿಗಿಟ್ಟೋನೇ ಉಪ್ಪು ಜಾಸ್ತಿ ಅಂತ ತಟ್ಟೆ ತಳ್ಳಿದ. ನಿಮಗೇ ಗೊತ್ತಲ್ಲ, ಒಂದು ಕಲ್ಲು ಉಪ್ಪು ಹೆಚ್ಚಾದ್ರೂ ಅವನಿಗೆ ಸೇರ್ತಿರಲಿಲ್ಲ. ನಂಗೆ ಸಿಟ್ಟು ಬಂತು. 'ಹಸ್ಕೊಂಡು ಸಾಯಿ ಹೋಗು' ಅಂದೆ. ಹಂಗೇ ಗಾಡಿ ತಗೊಂಡು ಹೋದ. ಹಂಗೇ ಹಸ್ಕೊಂಡು ಸತ್ತ." ಅಂಗಿಯ ತುದಿಯಲ್ಲಿ ಮೂಗೊರೆಸಿಕೊಂಡಳು. "ಮೊದಲ ಸಲ ತಟ್ಟೆ ಖಾಲಿ ಆದಾಗ ಖುಷಿಯಾಯ್ತು. ಈಗ ಭಯ ಆಗ್ತಿದೆ. ಎಷ್ಟು ಹಾಕಿದ್ರೂ ಉಣ್ತಾನೆ. ಅಲ್ಲೂ ಹಸಿವು ಹೋಗಿಲ್ಲ ಅವನಿಗೆ. ನನ್ನ ಬಾಯಿಂದ ಬಂದ ಶಾಪ ಅಲ್ವಾ ಮನಾಂಗ್?"

"ಹಾಗೆಲ್ಲ ಏನಿಲ್ಲ" ಎಂದೆ.

"ಮತ್ತೆ ಯಾಕೆ ಉಣ್ತಾನೆ?"

ಈಗ ನಿಜ ಹೇಳಿದರೆ ಮಗ ಬಂದಿದ್ದ ಎಂಬ ಒಂದೇ ಸಮಾಧಾನವನ್ನೂ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ಅವಳು ಹೀಗೇ ಸವೆಯುತ್ತಾಳೆ. ಒಂದೇ ದಾರಿ ಕಂಡಿತು. ತಟ್ಟೆ ತುಂಬಿದ್ದು ತುಂಬಿದ ಹಾಗೇ ಉಳಿಯಬೇಕು. ಅದನ್ನು ನೋಡಿದರೆ ಮಗನ ಹೊಟ್ಟೆ ತುಂಬಿತು ಎಂದುಕೊಳ್ಳುತ್ತಾಳೆ. ಅದಕ್ಕೆ ನಾನು ಮಾಡಬೇಕಾದ್ದು ಏನೂ ಇಲ್ಲ, ಸುಮ್ಮನೆ ಕೂತು ಹತ್ತು ಮಣಿ ಎಣಿಸಿ ಎದ್ದು ಬರಬೇಕು. ಮಗುವೂ ಮಾಡುವ ಕೆಲಸ.

ಇವತ್ತು ಅರ್ಧ ತಿಂದೆ. ಉಳಿದರ್ಧ ಬಿಟ್ಟೆ ಎಂದು ಬರೆಯಲು ಹೊರಟಿದ್ದೆ. ಇಲ್ಲ, ಆ ಅರ್ಧ ಚೀಲದಲ್ಲಿತ್ತು.

ಮಾರ್ಚ್ ೧೦, ಮಂಗಳವಾರ

ತಿಂದೆ.

ಅವಳು ಹೇಳಿದ್ದೆಲ್ಲ ಗೊತ್ತಿದ್ದೂ ತಿಂದೆ. ಕೈ ತಟ್ಟೆಗೆ ಹೋಗುವಾಗ ವಿತಾಲಿಯಾಳ ಕೆನ್ನೆ ಕಣ್ಣ ಮುಂದೆಯೇ ಇತ್ತು. ಅದನ್ನು ನೋಡುತ್ತಲೇ ತಿಂದೆ. ನನ್ನಂಥವಳನ್ನು ಯಾವ ಡಾಕ್ಟರು ಏನು ಕತ್ತರಿಸಿ ಸರಿ ಮಾಡುತ್ತಾನೆ. ಬಚ್ಚಲಲ್ಲಿ ಕೂತು ಅತ್ತೆ. ವಾಂತಿಯಲ್ಲಿ ಒಂದು ಎಳೆ ರಕ್ತ ಇತ್ತು. ಮೈಲೀನ್‌ಗೆ ಹೇಳಿಲ್ಲ.

ಮಾರ್ಚ್ ೧೧, ಬುಧವಾರ

ಒಂಬತ್ತನೇ ದಿನ. ಇವತ್ತು ಅಂಗಳದಲ್ಲಿ ಊರಿಗೆಲ್ಲ ಊಟ. ಎಡೆಯ ಬಟ್ಟೆಯನ್ನೂ ಬೆಳಗಿನವರೆಗೆ ಕಾಯದೆ ಇವತ್ತೇ ಎಲ್ಲರ ಮುಂದೆ ತೆಗೆಯುವುದು. ಇದನ್ನು ನಿಧಾನವಾಗಿ ಬರೆಯುತ್ತೇನೆ, ನಾಳೆಗೆ ಮರೆತರೆ ಇನ್ನೊಂದು ಸುಳ್ಳು ಸೇರಿಕೊಳ್ಳುತ್ತದೆ.

ಜಪ ಮುಗಿಯಿತು. ಎಲ್ಲರೂ ಎದ್ದರು. ನಾನು ಆಪೊ ಗಾಸ್ಪರನ ತೋಳು ಹಿಡಿದೆ.

"ಆಪೊ, ನೀವು ಇಲ್ಲೇ ಕೂತ್ಕೊಳ್ಳಿ."

"ನಾನ್ಯಾಕೆ? ನಿಮ್ಮಮ್ಮನ ಕಾಲದಿಂದ್ಲೂ ಒಬ್ಬರೇ ಕೂರೋದಲ್ವಾ?"

"ಇವತ್ತು ಎದೆ ಬಡ್ಕೊಳ್ತಿದೆ. ನಂಗೊಬ್ಬಳಿಗೇ ಕೂರಕ್ಕಾಗಲ್ಲ."

ಮುದುಕ ಗೊಣಗಿಕೊಂಡು ಬೆತ್ತದ ಕುರ್ಚಿಯಲ್ಲಿ ಕೂತ. ಬಾಗಿಲು ಹಾಕಿ ಎಡೆಗೆ ಬಟ್ಟೆ ಮುಚ್ಚಿದೆ. ಮೂರನೇ ಮಣಿಗೆ ಮುದುಕನ ಗೊರಕೆ ಶುರುವಾಯಿತು. ಕಾವಲಿಗೆ ಇಟ್ಟ ನಾಯಿ ನಿದ್ದೆ ಹೋದ ಹಾಗೆ. ತಟ್ಟೆ ನನ್ನ ಮೊಣಕಾಲಿಗೆ ತಾಕುವಷ್ಟು ಹತ್ತಿರ. ಕೈ ಬಟ್ಟೆಯ ಅಂಚಿಗೆ ಹೋಯಿತು, ಎತ್ತಿತು ಕೂಡ. ಒಂದು ಚೂರಾದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಹಳೆಯ ಮಾತು ಕಿವಿಯಲ್ಲಿ. ಇನ್ನೊಂದು ಕೈಯಿಂದ ಮುದುಕನ ಮೊಣಕಾಲು ಅಲುಗಿಸಿದೆ.

"ಹಾಂ? ಮುಗೀತಾ?"

"ಇಲ್ಲ. ಏನಾದ್ರೂ ಮಾತಾಡಿ ಆಪೊ. ನಿಲ್ಲಿಸ್ಬೇಡಿ."

"ಪ್ರಾರ್ಥನೆ ಮಧ್ಯ ಏನು ಮಾತಾಡೋದು?"

"ದೆಲ್ಫಿನ್ ಬಗ್ಗೆ."

ಮುದುಕ ಕಣ್ಣುಜ್ಜಿಕೊಂಡು ಹೇಳತೊಡಗಿದ. ಏಳು ವರ್ಷದವನಿದ್ದಾಗ ಪಾದ್ರಿಯ ಕೋಳಿಯ ಮೊಟ್ಟೆ ಕದ್ದು ಜೇಬಿನಲ್ಲಿಟ್ಟುಕೊಂಡು ಪೂಜೆಗೆ ಕೂತಿದ್ದನಂತೆ. ಮಂಡಿಯೂರುವಾಗ ಒಡೆದು ಚಡ್ಡಿಯೆಲ್ಲ ಹಳದಿ. "ಕೊನೇವರೆಗೂ ಒಪ್ಕೊಳ್ಳಲಿಲ್ಲ ನೋಡು ಬಡ್ಡೀಮಗ, ಉಚ್ಚೆ ಹೊಯ್ಕೊಂಡೆ ಅಂದ!" ಎಂದು ನಗುತ್ತಾ ನಗುತ್ತಾ ಮುದುಕ ಅಳಲು ಶುರುಮಾಡಿದ. ನಾನು ಅವನ ಕೈ ಹಿಡಿದುಕೊಂಡೆ. ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರಿಂದ ಮಣಿ ಎಣಿಸಲಾಗಲಿಲ್ಲ. ಏಳು ಮಣಿ ಹಾಗೇ ಉಳಿದವು. ಅಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಇದನ್ನೇನು ಗೆಲುವು ಎನ್ನಲೇ? ಒಂದು ತಟ್ಟೆಯಿಂದ ನನ್ನನ್ನು ಕಾಯಲು ಎಂಬತ್ತರ ಮುದುಕ ಬೇಕಾಯಿತು.

ಎಲ್ಲರೂ ಒಳಗೆ ಬಂದರು. ವಿತಾಲಿಯಾ ಬಟ್ಟೆ ತೆಗೆದಳು. ತಟ್ಟೆ ತುಂಬಿತ್ತು. ಅವಳು ಬಹಳ ಹೊತ್ತು ನೋಡಿದಳು.

"ತುಂಬ್ತು" ಎಂದಳು. "ನನ್ನ ಮಗನ ಹೊಟ್ಟೆ ತುಂಬ್ತು." ಅಲ್ಲೇ ಕುಸಿದು ಕೂತಳು. ಹೆಂಗಸರೆಲ್ಲ ಅತ್ತರು. ನಾನೂ ಅತ್ತೆ, ಅದು ನಾಟಕವಲ್ಲ.

ಜನ ಅಂಗಳದಲ್ಲಿ ಊಟಕ್ಕೆ ಕೂತ ಮೇಲೆ ಅವಳು ನನ್ನನ್ನು ಅಡುಗೆಮನೆಗೆ ಕರೆದಳು. ಮೇಜಿನ ಮೇಲೆ ಆ ತಟ್ಟೆ.

"ಒಂಬತ್ತು ದಿನ ನಮ್ಮ ಮನೆಯ ಒಂದು ಹನಿ ಕಾಫಿ ಕುಡೀಲಿಲ್ಲ ನೀವು. ಇದು ಅವನು ನಿಮಗೆ ಬಿಟ್ಟಿರೋದು. ಬಾಯಿ ಸೊಟ್ಟಗಾದ್ರೆ ಆಗ್ಲಿ, ಬಿಸಿ ಮಾಡಿದ್ದೀನಿ. ನನ್ನೆದುರಿಗೇ ಉಣ್ಣಿ."

"ಮೂರು ಚಮಚ ಅಷ್ಟೇ ವಿತಾ. ಅದಕ್ಕಿಂತ ಹೆಚ್ಚು ಹಿಡಿಸಲ್ಲ. ನನ್ನ ಹೊಟ್ಟೆ ಕತ್ತರಿಸಿ ತೆಗೆದಿದ್ದಾರೆ."

"ಕಲ್ಲು ಅಂದಿದ್ರಿ?"

"ಕಲ್ಲಲ್ಲ. ತಿಂದೂ ತಿಂದೂ ಸಾಯ್ತಿದ್ದೆ, ಅದಕ್ಕೆ ತೆಗೆಸ್ಕೊಂಡೆ. ಉಪವಾಸ ಅನ್ನೋದೆಲ್ಲ ಸುಳ್ಳು."

ಅವಳು ಎದುರಿಗೆ ಕೂತಳು. ನಾನು ಚಮಚ ತುಂಬಿ ಬಾಯಿಗಿಟ್ಟೆ. ಹದಿನಾಲ್ಕು ತಿಂಗಳಲ್ಲಿ ಇನ್ನೊಬ್ಬರ ಎದುರು ಕೂತು ಉಂಡ ಮೊದಲ ತುತ್ತು ಅದು. ಉಪ್ಪು. ನಾಲಿಗೆ ಸುಡುವಷ್ಟು ಉಪ್ಪು. ಮುಖ ಕಿವುಚಿದೆನೇನೋ, ಅವಳು ಇನ್ನೊಂದು ಚಮಚ ತೆಗೆದುಕೊಂಡು ತಾನೂ ಬಾಯಿಗಿಟ್ಟಳು.

"ಅಯ್ಯೋ ದೇವರೇ, ಸಮುದ್ರದ ನೀರು!" ಎಂದಳು. "ಎಡೆ ಅಂತ ರುಚಿ ನೋಡಿರಲಿಲ್ಲ. ಒಂಬತ್ತು ದಿನಾನೂ ಇದೇ ಕೈ, ಇದೇ ಅಳತೆ. ಪಾಪ, ನನ್ನ ಮಗ ಹೆಂಗೆ ಉಂಡ್ನೋ ಇದನ್ನ..."

ಚಮಚ ಕೈಯಲ್ಲೇ ಇತ್ತು. ಒಂದು ಕಲ್ಲು ಉಪ್ಪು ಹೆಚ್ಚಾದರೆ ತಟ್ಟೆ ತಳ್ಳುವವನು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಮಡಿಲಲ್ಲಿದ್ದ ಚೀಲ ನೋಡಿದಳು. ಅದರ ತಳದಲ್ಲಿ ಎಣ್ಣೆಯ ಕಲೆ ಇದೆ, ಎಷ್ಟು ಒಗೆದರೂ ಹೋಗಿಲ್ಲ.

"ಮನಾಂಗ್, ನಿಮಗೆ ಉಪ್ಪು ಅನ್ನಿಸ್ಲೇ ಇಲ್ವಾ?"

"ಗೊತ್ತಾಗ್ಲಿಲ್ಲ" ಎಂದೆ. "ಇವತ್ತಿನವರೆಗೂ ಗೊತ್ತಾಗ್ಲಿಲ್ಲ ವಿತಾ."

ಹೊರಗೆ ಯಾರೋ ಇನ್ನಷ್ಟು ಅನ್ನ ಕೇಳುತ್ತಿದ್ದರು. ಅವಳು ಹೊಡೆಯಲಿ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಹಂಗಾದ್ರೆ ಅವನು ಬಂದೇ ಇಲ್ಲ" ಎಂದಳು.

ಚಮಚ ಕೆಳಗಿಟ್ಟು, "ಹಸಿದೂ ಇಲ್ಲ" ಎಂದಳು.

ಎದ್ದು ಹೋಗಿ ಹೂಜಿಯಿಂದ ಒಂದು ಲೋಟ ನೀರು ತಂದು ನನ್ನ ಮುಂದೆ ಕುಕ್ಕಿದಳು. ಊಟದ ಜೊತೆ ನೀರು ಕುಡಿಯಬಾರದೆಂದು ಡಾಕ್ಟರು ಹೇಳಿದ್ದಾರೆ. ಕುಡಿದೆ. ಉಳಿದ ಎಡೆಯನ್ನು ಅವಳು ತನ್ನ ಕಡೆ ಎಳೆದುಕೊಂಡು ಒಂದೊಂದೇ ಚಮಚ ಉಂಡಳು, ಉಪ್ಪಿಗೋ ಏನೋ ಕಣ್ಣಲ್ಲಿ ನೀರು ಸುರಿಯುತ್ತಲೇ ಇತ್ತು. ನಾನು ನೋಡುತ್ತಾ ಕೂತಿದ್ದೆ. ನನ್ನ ಕೈ ತಟ್ಟೆಗೆ ಹೋಗಲಿಲ್ಲ.

ಹೊರಡುವಾಗ ಬಾಗಿಲವರೆಗೆ ಬಂದಳು. ಮುಖ ನೋಡಲಿಲ್ಲ.

"ನಲವತ್ತನೇ ದಿನದ ಪ್ರಾರ್ಥನೆಗೆ ಬರ್ತೀರಲ್ಲ?"

"ಬೇರೆ ಯಾರನ್ನಾದ್ರೂ ಕರೀತೀಯೇನೋ ಅಂದ್ಕೊಂಡೆ."

"ಬೇರೆ ಯಾರಿದ್ದಾರೆ ಈ ಊರಲ್ಲಿ? ಬನ್ನಿ. ಬಾಗಿಲು ಮಾತ್ರ ಹಾಕೋ ಹಾಗಿಲ್ಲ."

ಮಾರ್ಚ್ ೧೪, ಶನಿವಾರ

ಮೂರು ದಿನದಿಂದ ಊರಲ್ಲಿ ಯಾರೂ ಏನೂ ಅಂದಿಲ್ಲ. ಅವಳು ಹೇಳಿಲ್ಲ. ಹೇಳಿಬಿಟ್ಟಿದ್ದರೆ ಇಷ್ಟು ಕಷ್ಟವಿರುತ್ತಿರಲಿಲ್ಲ.

ಮಧ್ಯಾಹ್ನ ಮತ್ತೆ ಆ ಹೊತ್ತು ಬಂತು. ನಾಲ್ಕು ಪಾನ್‌ದೆಸಾಲ್ ಬ್ರೆಡ್ಡು ತಿಂದೆ, ಒಂದರ ಮೇಲೊಂದು, ನಿಂತುಕೊಂಡೇ. ಬುದ್ಧಿ ಬಂದಿದೆ ಎಂದುಕೊಂಡಿದ್ದೆ, ಬಂದಿಲ್ಲ. ಆಮೇಲೆ ಎಂದಿನ ಹಾಗೆ ಎದೆನೋವು, ನೊರೆ. ಬ್ರೆಡ್ಡು ಹುಳಿ ಹೊಡೆದಿತ್ತು, ಬೇಕರಿಯವನಿಗೆ ಹೇಳಬೇಕು. ಸೆಖೆ ಎಂದು ಮುಂಬಾಗಿಲು ತೆರೆದಿಟ್ಟಿದ್ದೆ. ಪಕ್ಕದ ಮನೆಯ ಕೋಳಿ ಒಳಗೆ ಬಂದು ಕಾಲ ಬುಡದ ಚೂರನ್ನೆಲ್ಲ ಹೆಕ್ಕಿಕೊಂಡು ಹೋಯಿತು.

ರಕ್ತದ ವಿಷಯ ಮೈಲೀನ್‌ಗೆ ಫೋನ್ ಮಾಡಿ ಹೇಳಿದೆ. ಬೈದಳು. ಸೋಮವಾರ ಬಾಗಿಯೊಕ್ಕೆ ತಾನೇ ಕರೆದುಕೊಂಡು ಹೋಗುತ್ತಾಳಂತೆ. ಚೀಲಕ್ಕೆ ನಕ್ಷತ್ರದ ಪುಸ್ತಕವನ್ನೂ ಹಾಕಿದ್ದೇನೆ, ಇದನ್ನೂ ಹಾಕುತ್ತೇನೆ. ಪಥ್ಯದ ಹುಡುಗಿಯ ಮುಂದೆ ಯಾವುದನ್ನು ಹೊರಗೆ ತೆಗೆಯುತ್ತೇನೋ ಗೊತ್ತಿಲ್ಲ.